ಪ್ಲಾಟ್‌ಫಾರ್ಮಿನ ಕೆಂಪು ಅಂಗಿ

ಔಷಧಿ ಉಗುಳುವ ಮಗುವಿನ ಹಾಗೆ ಕಂಪ್ಯೂಟರ್ ಆ ಡಿಸ್ಕನ್ನು ಮತ್ತೆ ಹೊರಗೆ ತಳ್ಳಿತು. ಮಗಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗೀರಿಲ್ಲ, ಧೂಳಿಲ್ಲ. ಆಮೇಲೆ ತಪ್ಪು ಹೊಳೆದು ತಲೆ ಚಚ್ಚಿಕೊಂಡಳು. ಇದು ಬ್ಲೂ-ರೇ. ನೋಡಲು ಹಳೆಯ ಡಿವಿಡಿಯ ಅವಳಿಯಂತಿದ್ದರೂ ಇದನ್ನು ಓದಲು ಬೇರೆಯೇ ಡ್ರೈವ್ ಬೇಕು. ಆ ಡ್ರೈವನ್ನು ನಿನ್ನೆಯೇ ತಂದು ಸೋಫಾದ ಮೇಲಿಟ್ಟು, ಅದರ ಮೇಲೆ ಒಗೆದ ಬಟ್ಟೆಯ ರಾಶಿ ಸುರಿದವಳೂ ಅವಳೇ.

ವಿಸಿಟಿಂಗ್ ಕಾರ್ಡು, ಅಂಗಡಿಯ ಬೋರ್ಡು ವಿನ್ಯಾಸ ಮಾಡಿಯೇ ಹೊಟ್ಟೆ ಹೊರೆಯುವವಳಿಗೆ ಕಂಪ್ಯೂಟರ್ ಹೊಸದೇನಲ್ಲ. ಆದರೂ ಈ ಡಿಸ್ಕು ಅವಳನ್ನು ಬೆಳಗಿನಿಂದ ಕುಣಿಸುತ್ತಿತ್ತು. ಬಟ್ಟೆಯಡಿಯಿಂದ ಡ್ರೈವ್ ತೆಗೆದು ಜೋಡಿಸಿದರೆ, ಈ ಪರದೆಯಲ್ಲಿ ತೋರಿಸಲು ಅನುಮತಿ ಇಲ್ಲ ಎಂಬ ಸಂದೇಶ ಬಂತು. ದುಡ್ಡು ಕೊಟ್ಟು ತಂದ ಸಿನಿಮಾ ನೋಡಲು ಪರದೆಯ ಅಪ್ಪಣೆಯೂ ಬೇಕೇ ಎಂದು ಗೊಣಗಿದಳು. ಹಳೆಯ ಕೇಬಲ್ಲಿನದೇ ತಕರಾರು ಎಂದು ತಿಳಿದಾಗ, ಹಾಲ್‌ಗೆ ಹೋಗಿ ಟಿವಿಯ ಕೇಬಲ್ ಕಿತ್ತು ತಂದು ಮಾನಿಟರಿನ ಬೆನ್ನಿಗೆ ಸಿಕ್ಕಿಸಿದಳು.

"ನನ್ನ ಟಿವಿ ಯಾಕೆ ಸತ್ತುಹೋಯ್ತು?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

"ಸಾಯಂಕಾಲ ಜೀವ ಬರುತ್ತೆ ಬಿಡಮ್ಮ."

ಇಷ್ಟೆಲ್ಲ ಒದ್ದಾಟ ಚಿಕ್ಕಪ್ಪನಿಗಾಗಿ. ಮಧ್ಯಾಹ್ನದ ಬಸ್ಸಿಗೆ ಅವರು ಬರುವವರಿದ್ದರು. ಹೋದ ವರ್ಷ ಅಪ್ಪ ತೀರಿಕೊಂಡಾಗ ಚಿಕ್ಕಪ್ಪ ತಾವೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅಣ್ಣನ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ. ಆ ಕೊರಗು ಪ್ರತಿ ಫೋನಿನಲ್ಲೂ ಬರುತ್ತಿತ್ತು.

ಅಪ್ಪನದು ಸೈಕಲ್ ರಿಪೇರಿ ಅಂಗಡಿ. ಆದರೆ ಬೀದಿಯವರಿಗೆಲ್ಲ ಅವರು 'ಹೀರೋ'. ಪ್ರಾಯದಲ್ಲಿ ರೈಲು ನಿಲ್ದಾಣಕ್ಕೆ ಸಿನಿಮಾದವರು ಬಂದಿದ್ದಾಗ ಅಪ್ಪನಿಗೆ ಪೋರ್ಟರ್ ವೇಷ ಸಿಕ್ಕಿತ್ತು. ನಾಯಕ ನಾಯಕಿಯನ್ನು ಬೀಳ್ಕೊಡುವಾಗ, ಕೆಂಪು ಅಂಗಿಯ ಒಬ್ಬ ಪೋರ್ಟರ್ ತಲೆಯ ಮೇಲೆ ಟ್ರಂಕ್ ಹೊತ್ತು ಹಿಂದಿನಿಂದ ಹಾದು, ಒಮ್ಮೆ ತಿರುಗಿ ನೋಡುತ್ತಾನೆ. ಅಷ್ಟೇ ಪಾತ್ರ. ಮನೆಯಲ್ಲಿದ್ದ ಹಳೆಯ ಕ್ಯಾಸೆಟ್ಟಿನಲ್ಲಿ ಆ ಮುಖ ಒದ್ದೆ ಬೆರಳಿನಿಂದ ಒರೆಸಿದ ಹಾಗೆ ಕಾಣುತ್ತಿತ್ತು. "ಹೀರೋ, ಅದು ಅಂಚೆ ಡಬ್ಬಾನೂ ಆಗಿರಬಹುದು," ಎಂದು ಪಕ್ಕದ ಕ್ಷೌರಿಕ ರೇಗಿಸುತ್ತಿದ್ದ. ಅಪ್ಪ ನಕ್ಕು ಸುಮ್ಮನಾಗುತ್ತಿದ್ದರು.

ಈಗ ಕಂಪನಿಯೊಂದು ಆ ಸಿನಿಮಾದ ಹಳೆಯ ರೀಲನ್ನು ತೊಳೆದು ಬೆಳಗಿಸಿ ಡಿಸ್ಕಿನಲ್ಲಿ ತಂದಿತ್ತು. "ಅಲ್ಲಿ ನಿಲ್ಲಿಸ್ತೀನಿ ಚಿಕ್ಕಪ್ಪ, ಎಷ್ಟು ಹೊತ್ತು ಬೇಕಾದ್ರೂ ಮುಖ ನೋಡಿ," ಎಂದು ಅವಳು ಮಾತು ಕೊಟ್ಟಿದ್ದಳು.

ಚಿತ್ರ ಮೂಡಿದ್ದೇ ತಡ, ಅವಳು ನೇರ ನಿಲ್ದಾಣದ ದೃಶ್ಯಕ್ಕೆ ಹಾರಿದಳು. ಕಂಬದ ಬಣ್ಣ ಏಳುತ್ತಿರುವುದೂ ಬೆಂಚಿನ ಮೊಳೆಗಳೂ ಕಾಣುತ್ತಿದ್ದವು. ಕೆಂಪು ಅಂಗಿ ಬಂತು, ತಿರುಗಿತು. ಅವಳು ನಿಲ್ಲಿಸಿದಳು.

ಅಗಲ ಮೂಗು, ಕೆನ್ನೆ ತುಂಬ ಸಿಡುಬಿನ ಕಲೆ. ಟ್ರಂಕ್ ಹಿಡಿದ ಎಡಗೈಯಲ್ಲಿ ಐದೂ ಬೆರಳು ನೆಟ್ಟಗಿದ್ದವು. ಅಪ್ಪ ಚಿಕ್ಕಂದಿನಲ್ಲೇ ಎಡಗೈ ತೋರುಬೆರಳಿನ ತುದಿಯನ್ನು ಸೈಕಲ್ ಚೈನಿಗೆ ಕೊಟ್ಟಿದ್ದರು. ಯಾರೋ ಅಪರಿಚಿತ ಮನೆಯೊಳಗೆ ಬಂದು ಅಪ್ಪನ ಕುರ್ಚಿಯಲ್ಲಿ ಕೂತಂತಾಯಿತು ಅವಳಿಗೆ. ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಮನೆಮಂದಿಯನ್ನೆಲ್ಲ ನಂಬಿಸಿ, ಈಗ ಬೈಯಲೂ ಸಿಗದ ಹಾಗೆ ಹೊರಟುಹೋಗಿದ್ದರಲ್ಲ ಎಂದು.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದು ಅವಳಿಗೆ ತಿಳಿಯಲಿಲ್ಲ.

"ಸಿಕ್ಕಿಬಿದ್ರಾ ನಿಮ್ಮಪ್ಪ?" ಎಂದಳು ಅಮ್ಮ.

"ನಿನಗೆ ಗೊತ್ತಿತ್ತಾ?"

"ಅಂಗಿ ಹಾಕಿಕೊಂಡು ಹೋಗಿದ್ದು ನಿಜ ಕಣೇ. ಕ್ಯಾಮೆರಾ ಶುರುವಾಗೋ ಮೊದಲೇ ನಿನಗೆ ಹುಟ್ಟೋ ಅವಸರ ಬಂತು. ಯಾರೋ ಓಡಿಹೋಗಿ ಹೇಳಿದ್ರು. ಇವರು ಅದೇ ಕೆಂಪು ಅಂಗೀಲೇ ಆಸ್ಪತ್ರೆಗೆ ಬಂದ್ರು, ಟ್ರಂಕ್ ಇನ್ಯಾರ ತಲೆಗೋ ಹೋಯ್ತು. ನರ್ಸು ನೋಡಿ, ಏ ಪೋರ್ಟರ್, ಈ ಗಾಡಿ ತಳ್ಳು ಅಂದ್ಳು. ಇವರು ಎದುರು ಮಾತಾಡದೆ ನನ್ನ ತಳ್ಳಿಕೊಂಡು ಹೋದ್ರು. ಮಾಡಿದ ಪಾತ್ರ ಅದೊಂದೇ."

ಮಗಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಮತ್ತೆ ಸುಳ್ಳು ಯಾಕೆ ಹೇಳಿದ್ರು?"

"ಅವರೆಲ್ಲಿ ಹೇಳಿದ್ರು? ಥಿಯೇಟರಲ್ಲಿ ಕೆಂಪು ಅಂಗಿ ಕಂಡಿದ್ದೇ, ಆಗಿನ್ನೂ ಕನ್ನಡಕ ಇಲ್ಲದ ನಿಮ್ಮ ಚಿಕ್ಕಪ್ಪ ಸೀಟಿನ ಮೇಲೆ ಹತ್ತಿ, ಅಣ್ಣ, ನಮ್ಮಣ್ಣ ಅಂತ ಕೂಗಿದ. ಜನ ಎಲ್ಲ ತಿರುಗಿ ನೋಡಿದ್ರು. ಆ ಹುಡುಗನ ಮುಖ ನೋಡಿ, ಅದು ನಾನಲ್ಲ ಅನ್ನೋಕೆ ಇವರಿಗೆ ಬಾಯೇ ಬರಲಿಲ್ಲ. ಆವತ್ತು ಮುಚ್ಚಿದ ಬಾಯಿ, ಮತ್ತೆ ತೆಗೀಲಿಲ್ಲ."

ಆ ಹಳೆಯ ಕ್ಯಾಸೆಟ್ಟಿನ ಮಸುಕು ನಕಲು ಕಂಪ್ಯೂಟರಿನಲ್ಲೇ ಇತ್ತು. ಅದನ್ನೇ ಹಾಕಿ ಇದೇ ಡಿಸ್ಕು ಎನ್ನೋಣ ಎಂದು ತಾಯಿ ಮಗಳು ಮಾತಾಡಿಕೊಂಡರು. ಆದರೆ ಚಿಕ್ಕಪ್ಪ ಬಂದವರೇ ನೀರನ್ನೂ ಕುಡಿಯದೆ, "ಎಲ್ಲಿ ಡಿಸ್ಕು? ನಾನೇ ಹಾಕ್ತೀನಿ," ಎಂದರು. ಹೊಸ ಕನ್ನಡಕದ ಗಾಜು ದಪ್ಪಗಿತ್ತು. ಅದಿಲ್ಲದಿದ್ದರೆ ಗೋಡೆಗೆ ನೇತುಹಾಕಿದ ಕೋಟನ್ನೂ ಚೆನ್ನಾಗಿದ್ದೀರಾ ಎಂದು ಕೇಳುವ ಮನುಷ್ಯ. ಡಿಸ್ಕನ್ನು ಎರಡೂ ಕೈಯಲ್ಲಿ ಅಂಚು ಹಿಡಿದು ಡ್ರೈವಿಗೆ ಇಟ್ಟರು. ಬೇಡ ಎನ್ನಲು ಮಗಳಿಗೆ ಕಾರಣ ಸಿಗಲಿಲ್ಲ.

ಸಿನಿಮಾ ಮೊದಲಿನಿಂದ ಓಡಿತು. "ಅಬ್ಬಾ, ಹೀರೋಯಿನ್ ಓಲೇಲಿ ಕಲ್ಲು ಎಣಿಸಬಹುದು," ಎಂದು ಚಿಕ್ಕಪ್ಪ ಬೆರಗಾದರು. "ನೋಡಿ ಅತ್ತಿಗೆ, ಆ ಮುದುಕನ ಗಡ್ಡ ಅಂಟಿಸಿರೋದು." ಏನೂ ಅವರ ಕಣ್ಣಿಗೆ ತಪ್ಪಲಿಲ್ಲ. ಅಮ್ಮ ಮಾತ್ರ ಖಾಲಿ ಲೋಟಗಳನ್ನು ಸುಮ್ಮನೆ ಅತ್ತಿಂದಿತ್ತ ಜರುಗಿಸುತ್ತಿದ್ದಳು.

ನಿಲ್ದಾಣದ ಗಡಿಯಾರ ಕಂಡಿತು. ಮಗಳ ಕೈ ಮೌಸಿನ ಮೇಲೆ ಹೋಗಿ, ಒತ್ತದೆ ನಿಂತಿತು. ನಿಲ್ಲಿಸಿದರೆ ಆ ಪರಕೀಯ ಮುಖ ಎದುರಿಗೆ ಕೂರುತ್ತದೆ. ನಿಲ್ಲಿಸದಿದ್ದರೆ ಕೊಟ್ಟ ಮಾತು ತಪ್ಪುತ್ತದೆ. ಚಿಕ್ಕಪ್ಪ ಆ ಕೈಯನ್ನು ನೋಡಿದರು. ನಂತರ ಅತ್ತಿಗೆಯನ್ನು ನೋಡಿದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

"ನಿಲ್ಲಿಸಬೇಡಮ್ಮ," ಎಂದರು. "ಓಡಲಿ."

ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಗಾಜು ಒರೆಸತೊಡಗಿದರು. ಪರದೆಯ ಮೇಲೆ ಕೆಂಪು ಅಂಗಿ ಬಂತು.

"ಅಣ್ಣ," ಎಂದರು ಚಿಕ್ಕಪ್ಪ ಮೆಲ್ಲಗೆ. "ನೋಡಿ ಅತ್ತಿಗೆ, ನಮ್ಮಣ್ಣ."

"ಹೌದು ಕಣೋ," ಎಂದಳು ಅಮ್ಮ, ಕಿಟಕಿಯಿಂದ ತಿರುಗಿ. "ಅವರೇ."

ಪೋರ್ಟರ್ ಒಮ್ಮೆ ತಿರುಗಿ ನೋಡಿ ಜನರ ನಡುವೆ ಮರೆಯಾದ. ರೈಲು ಹೊರಟಿತು. ಅದರ ಕೊನೆಯ ಡಬ್ಬಿ ದಾಟುವವರೆಗೂ ಚಿಕ್ಕಪ್ಪ ಆಗಲೇ ಸ್ವಚ್ಛವಾಗಿದ್ದ ಗಾಜನ್ನು ಒರೆಸುತ್ತಲೇ ಇದ್ದರು.