ಎಫ್ಲಾಮನ ಏಳುನೂರು ಮೀಟರು

ನನ್ನ ದೊಡ್ಡಮ್ಮ ರೋಜೆನ್ ಇಪ್ಪತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವಳು. ಫ್ರಾನ್ಸಿನ ಬ್ರಿಟನಿಯ ಉತ್ತರ ಕರಾವಳಿಯ ನಮ್ಮ ಭಾಗದಲ್ಲಿ ಅವಳು ಎರಡು ದಿನಕ್ಕೊಮ್ಮೆ ಹನ್ನೊಂದು ಕೊಟ್ಟಿಗೆಗಳ ಮುಂದೆ ಗಾಡಿ ನಿಲ್ಲಿಸಿ ಹಾಲು ತುಂಬಿಸಿಕೊಳ್ಳುತ್ತಿದ್ದಳು. ಯಾವ ಹೊಲದ ಹಿಂದೆ ಯಾವ ಗಾಡಿದಾರಿಯಿದೆ, ಅದು ಎಲ್ಲಿಗೆ ಹೋಗಿ ಸೇರುತ್ತದೆ, ಮಳೆಗಾಲದಲ್ಲಿ ಎಲ್ಲಿ ಕೆಸರಾಗುತ್ತದೆ, ಎಲ್ಲವೂ ಅವಳಿಗೆ ಬಾಯಿಪಾಠ.

ನಿವೃತ್ತಳಾದ ಮರುವಾರವೇ ನನ್ನ ಸೈಕಲ್ ಅಂಗಡಿಗೆ ಬಂದಳು.

"ಎನೋರಾ, ಜಲ್ಲಿ ದಾರೀಲಿ ಓಡೋ ಸೈಕಲ್ ಒಂದು ಕೊಡೇ. ಟೈರು ದಪ್ಪ ಇರ್ಲಿ."

"ಈಗ ಶುರು ಮಾಡ್ತೀಯಾ ದೊಡ್ಡಮ್ಮಾ? ಅರವತ್ತೆರಡಕ್ಕೆ?"

"ಹದಿನಾರು ಟನ್ ಹಾಲು ಎಳ್ಕೊಂಡು ಹೋದೋಳಿಗೆ ಹತ್ತು ಕೇಜಿ ಸೈಕಲ್ ಭಾರ ಆಗತ್ತಾ? ಬಾಯಿ ಮುಚ್ಕೊಂಡು ಸೀಟು ಸರಿಮಾಡು."

ಅವಳ ತಲೆಯಲ್ಲಿದ್ದದ್ದು ಬರೀ ಸೈಕಲ್ ಅಲ್ಲ. ಒಳನಾಡಿನ ನಮ್ಮ ಊರಿನಿಂದ ಸಮುದ್ರದವರೆಗೆ ಅರವತ್ತನಾಲ್ಕು ಕಿಲೋಮೀಟರಿನ ಒಂದು ದಾರಿ. ಅದರಲ್ಲಿ ಒಂದೇ ಒಂದು ಕಾರೂ ಎದುರಾಗಬಾರದು. ಕಾರಣ ಕೇಳಿದರೆ ಅವಳು ಹೇಳುತ್ತಿದ್ದದ್ದು ಇಷ್ಟೇ: "ಟ್ಯಾಂಕರಿನ ಬಲಗಡೆ ಸೈಕಲ್ ಬಂದ್ರೆ ಕನ್ನಡೀಲಿ ಮೂರು ಸೆಕೆಂಡು ಕಾಣಲ್ಲ. ಆ ಮೂರು ಸೆಕೆಂಡು ನಾನು ಇಪ್ಪತ್ತೆಂಟು ವರ್ಷ ಉಸಿರು ಬಿಗಿಹಿಡ್ಕೊಂಡಿದೀನಿ. ಸಾಕು."

ಹಳಿ ಕಿತ್ತುಹಾಕಿದ ಹಳೆಯ ರೈಲು ದಿಬ್ಬ ಇಪ್ಪತ್ತೆರಡು ಕಿಲೋಮೀಟರು ಸಿಕ್ಕಿತು. ಕಾಲುವೆಯ ದಂಡೆ ಹದಿನಾಲ್ಕು. ಉಳಿದದ್ದು ಕಾಡಿನ ದಾರಿ, ಓಕ್ ಮರಗಳ ಏರಿಗಳ ನಡುವೆ ತಗ್ಗಿನಲ್ಲಿ ಹೋಗುವ ಹಳೆಯ ಗಾಡಿದಾರಿ, ರೈತರ ಖಾಸಗಿ ಓಣಿ. ಒಬ್ಬೊಬ್ಬ ರೈತನ ಅಡುಗೆಮನೆಯಲ್ಲೂ ದೊಡ್ಡಮ್ಮ ಕಾಫಿ ಕುಡಿದು ಒಪ್ಪಿಗೆ ತಂದಳು. ಇವಳು ಹಿಮ ಬಿದ್ದ ದಿನವೂ ಹಾಲು ಬಿಟ್ಟು ಹೋದವಳಲ್ಲ ಎಂಬುದು ಅವರಿಗೆಲ್ಲ ಗೊತ್ತಿತ್ತು. ನಾನು ನಕ್ಷೆ ಮಾಡುತ್ತಾ ಹೋದೆ.

ಕೊನೆಗೆ ಏಳುನೂರು ಮೀಟರು ಉಳಿಯಿತು. ಕೊಲ್ಲಿಗೆ ಇಳಿಯುವ ಮುಂಚಿನ ಗುಡ್ಡದ ಮೇಲೆ ಎಫ್ಲಾಮ್ ಕೆರುವಾಂತೋನನ ಹುಲ್ಲುಗಾವಲು. ಅದರ ನಡುವೆ ಒಂದು ಓಣಿ. ಅದು ಸಿಗದಿದ್ದರೆ ಐದು ಕಿಲೋಮೀಟರು ಲಾರಿಗಳ ಹೆದ್ದಾರಿಯಲ್ಲಿ ಹೋಗಬೇಕು.

ನಾನು ಫೋನ್ ಮಾಡಿದೆ. ದೊಡ್ಡಮ್ಮನ ಹೆಸರು ಹೇಳಿದ ಕೂಡಲೇ ಅವನು ಇಟ್ಟುಬಿಟ್ಟ. ಹದಿನೈದು ವರ್ಷದಿಂದ ಅವನು ಅವಳೊಂದಿಗೆ ಮಾತು ಬಿಟ್ಟಿದ್ದು ನನಗೆ ಗೊತ್ತಿತ್ತು. ಆಗ ಅವನ ಹಾಲಿನಲ್ಲಿ ಔಷಧದ ಅಂಶ ಸಿಕ್ಕಿ, ಹನ್ನೊಂದು ಮನೆಯ ಹಾಲಿದ್ದ ಇಡೀ ಟ್ಯಾಂಕರನ್ನು ಚೆಲ್ಲಿದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು.

"ಹೆದ್ದಾರೀಲೇ ಹಾಕೋಣ ಬಿಡು ದೊಡ್ಡಮ್ಮಾ. ಬೋರ್ಡು ನೆಟ್ಟರಾಯ್ತು," ಎಂದೆ.

"ಬೋರ್ಡು ನೋಡಿ ಲಾರಿ ನಿಲ್ಲತ್ತಾ? ನಡಿ, ಹೋಗಣ. ಮುಖ ನೋಡಿ ಬಾಗ್ಲು ಹಾಕ್ಕೊಳ್ಳೋದು ಫೋನ್ ಇಡೋವಷ್ಟು ಸುಲಭ ಅಲ್ಲ."

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸೈಕಲಿನಲ್ಲೇ ಹೋದೆವು. ಎಫ್ಲಾಮ್ ಗೇಟಿನ ಪಕ್ಕ ಬೇಲಿಗೆ ಗೂಟ ಹೊಡೆಯುತ್ತಿದ್ದ. ಎಪ್ಪತ್ತರ ಹತ್ತಿರದ ಒಣಕಲು ಆಳು, ಮೊಣಕಾಲುದ್ದದ ರಬ್ಬರ್ ಬೂಟು. ನಮ್ಮನ್ನು ನೋಡಿಯೂ ಇನ್ನೆರಡು ಏಟು ಹಾಕಿದ.

"ಏನಮ್ಮ ಡ್ರೈವರಮ್ಮಾ, ಟ್ಯಾಂಕರ್ ಕಿತ್ಕೊಂಡು ಇದನ್ನ ಕೊಟ್ರಾ?"

"ಹೂಂ. ಇದು ಹಾಲು ಕುಡಿಯಲ್ಲ, ಹೆದರ್ಬೇಡ."

ಅವನು ನಗಲಿಲ್ಲ. ದೊಡ್ಡಮ್ಮ ವಿಷಯ ಹೇಳಿದಳು. ಓಣಿ ಬೇಕು, ಗೇಟು ಮುಚ್ಚುವ ಜವಾಬ್ದಾರಿ ನಮ್ಮದು, ಕಸ ಬೀಳುವುದಿಲ್ಲ. ಬೇಡಿಕೊಳ್ಳಲಿಲ್ಲ, ಟ್ಯಾಂಕರಿನ ಪೈಪು ಎಲ್ಲಿ ಜೋಡಿಸಬೇಕೆಂದು ಹೇಳುವ ಹಾಗೆ ಹೇಳಿದಳು.

"ಊರೆಲ್ಲಾ ನನ್ನ ಮರ್ಯಾದೆ ತೆಗೆದೋಳಿಗೆ ನಾನು ದಾರಿ ಬಿಡ್ಬೇಕಾ?"

"ಹಾಲು ಕೆಟ್ಟಿತ್ತು, ಹೇಳ್ದೆ. ಇವತ್ತೂ ಅದನ್ನೇ ಮಾಡ್ತೀನಿ. ಅದಕ್ಕೆ ಕ್ಷಮೆ ಕೇಳಕ್ಕೆ ಬಂದಿಲ್ಲ ನಾನು."

ಕೆಲಸ ಕೆಟ್ಟಿತು ಎಂದುಕೊಂಡೆ.

"ಹಾಲಿನ ಮಾತು ಯಾರಾಡಿದ್ರು?" ಎಫ್ಲಾಮ್ ಸುತ್ತಿಗೆ ಕೆಳಗಿಟ್ಟ. "ಹಾಲಿನ ವಿಷ್ಯ ಡೈರಿಯೋರೇ ಕಾಗದ ಕಳಿಸಿದ್ರು. ನಾನು ಹೇಳ್ತಿರೋದು ಬಾಟ್ಲಿ ವಿಷ್ಯ."

"ಯಾವ ಬಾಟ್ಲಿ?" ಎಂದೆ ನಾನು.

ಅವನು ನನ್ನ ಕಡೆ ತಿರುಗಿದ. "ಯಾಕಮ್ಮ, ನಾಟಕಾನಾ? ಮನೇಲಿ ಕೂತು ನಕ್ಕಿರ್ತೀರಿ."

"ನಂಗೆ ನಿಜವಾಗ್ಲೂ ಗೊತ್ತಿಲ್ಲ."

ಅವನು ದೊಡ್ಡಮ್ಮನ ಮುಖ ನೋಡಿದ. ಅವಳು ಸೈಕಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ಕೊಲ್ಲಿಯ ಕಡೆ ನೋಡುತ್ತಿದ್ದಳು.

"ಇವಳಿಗೂ ಹೇಳಿಲ್ವಾ?"

"ಹೇಳೋ ಅಂಥದ್ದೇನಿತ್ತು ಅದ್ರಲ್ಲಿ?"

ಎಫ್ಲಾಮ್ ಗೂಟದ ಮೇಲೆ ಒರಗಿದ. ಆಮೇಲೆ ನನಗೇ ಹೇಳಿದ. ಆ ದಿನ ಕೆಚ್ಚಲು ಬಾವು ಬಂದು ಔಷಧ ಕೊಟ್ಟಿದ್ದ ಹಸುವನ್ನು ಅವನ ಹೆಂಡತಿ ತಿಳಿಯದೆ ಉಳಿದವುಗಳ ಜೊತೆ ಕರೆದುಬಿಟ್ಟಿದ್ದಳು. ಟ್ಯಾಂಕರ್ ಹೋದ ಮೇಲೆ ಅವನಿಗೆ ಅದು ತಿಳಿಯಿತು. ವ್ಯಾನು ಹತ್ತಿ ಬೆನ್ನಟ್ಟಿ, ಚರ್ಚಿನ ಮುಂದೆ ಟ್ಯಾಂಕರಿಗೆ ಅಡ್ಡ ನಿಲ್ಲಿಸಿದ.

"ಪರೀಕ್ಷೆಗೆ ಅಂತ ಒಂದೊಂದು ಮನೆ ಹಾಲಿನ ಮಾದರೀನೂ ಬಾಟ್ಲಿಗೆ ತೆಗೆದಿಟ್ಕೋತಿದ್ಲು. ನನ್ನ ಬಾಟ್ಲಿ ಎಸೆದು, ಪಕ್ಕದ ಮನೆ ಹಾಲನ್ನೇ ಎರಡು ಬಾಟ್ಲಿಗೆ ಹಾಕು ಅಂತ ಇವಳ ಕಾಲಿಗೆ ಬಿದ್ದೆನಮ್ಮ. ಹನ್ನೊಂದು ಮನೇರ ಮುಂದೆ ತಲೆ ಎತ್ತಕ್ಕಾಗಲ್ಲ ಅಂದೆ. ಇವಳು ಆಗಲ್ಲ ಅಂದ್ಲು. ಡೈರಿಗೆ ಇವಳೇ ಫೋನ್ ಮಾಡಿದ್ಲು."

ದೊಡ್ಡಮ್ಮ ತಿರುಗಿದಳು. "ಎಫ್ಲಾಮ್ ಔಷಧ ಬೆರೆತಿದೆ ಅಂತ ತಾನೇ ಬಂದು ಹೇಳ್ದ ಅಂದೆ. ಅದೇ ನಿಜ ತಾನೆ? ಅರ್ಧ ನಿಜ. ಇನ್ನರ್ಧ ಡೈರಿಗೆ ಬೇಕಿರ್ಲಿಲ್ಲ."

ಹದಿನೈದು ವರ್ಷ ಅವನು ಪೇಟೆಯಲ್ಲಿ ಯಾರು ಪಿಸುಗುಟ್ಟಿದರೂ ಆ ಚರ್ಚಿನ ಮುಂದಿನ ಮಾತೇ ಎಂದುಕೊಂಡಿದ್ದ. ಭಾನುವಾರ ಬೇರೆ ಊರಿನ ಚರ್ಚಿಗೆ ಹೋಗುತ್ತಿದ್ದ. ಅದನ್ನೆಲ್ಲ ಆಮೇಲೆ ಕೇಳಿ ತಿಳಿದೆ. ಆಗ ನನಗೆ ಕಂಡದ್ದು, ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡು ಮತ್ತೆ ಹಾಕಿಕೊಂಡದ್ದು ಮಾತ್ರ.

"ಒಂದು ಮಾತು ಬಂದು ಕೇಳಿದ್ರೆ ಹೇಳ್ತಿದ್ದೆ, ಮಾರಾಯ," ಎಂದಳು ದೊಡ್ಡಮ್ಮ. ಅವಳ ದನಿ ಮೊದಲ ಸಲ ಮೆತ್ತಗಾಗಿತ್ತು. "ಎರಡು ದಿನಕ್ಕೊಂದ್ಸಲ ಬರ್ತಿದ್ದೆನಲ್ಲ."

"ನೀನು ಬಂದಾಗ ನಾನು ಕೊಟ್ಟಿಗೆ ಹಿಂದೆ ಇರ್ತಿದ್ದೆ."

"ಗೊತ್ತು. ನಿನ್ನ ಬೂಟು ಕಾಣ್ತಿತ್ತು."

ಅವನಿಗೆ ನಗು ಬಂತು. ಕೆಮ್ಮಿನಂಥ ನಗು. ಸುತ್ತಿಗೆ ಎತ್ತಿಕೊಂಡು ಗೇಟು ತೆರೆದ.

"ಬಾ, ನಡ್ಕೊಂಡು ನೋಡು. ಮಧ್ಯದಲ್ಲಿ ನೀರು ಜಿನುಗತ್ತೆ, ಒಂದು ಲೋಡು ಜಲ್ಲಿ ಹಾಕ್ಬೇಕು. ಹಸು ದಾಟೋ ಹೊತ್ತಲ್ಲಿ ನಿಮ್ಮೋರು ನಿಲ್ಬೇಕು. ಗಂಟೆ ಬಾರಿಸಿದ್ರೆ ಸೈಕಲ್ ಕಿತ್ಕೋತೀನಿ."

"ಕಿತ್ಕೋ. ಎನೋರಾ ಇನ್ನೊಂದು ಮಾರ್ತಾಳೆ."

ಮೇ ತಿಂಗಳ ಮೂರನೇ ಭಾನುವಾರ ನಲವತ್ತೊಂದು ಜನ ಹೊರಟೆವು. ರೈಲು ದಿಬ್ಬದ ಎರಡೂ ಕಡೆ ಮುಳ್ಳುಪೊದೆಗಳು ಹಳದಿ ಹೂ ಬಿಟ್ಟಿದ್ದವು. ಎಲ್ಲೂ ಒಂದು ಹಾರನ್ ಇಲ್ಲ. ಜಲ್ಲಿಯ ಮೇಲೆ ಟೈರುಗಳ ಕರಕರ, ಹಿಂದಿನವರ ಹರಟೆ. ಯಾರೂ ಹಿಂತಿರುಗಿ ನೋಡಬೇಕಾಗಿರಲಿಲ್ಲ. ಇಬ್ಬರಿಬ್ಬರು ಜೋಡಿಯಾಗಿ, ದಾರಿ ತಮ್ಮಪ್ಪನದೇ ಎಂಬಂತೆ ಹೋಗುತ್ತಿದ್ದರು. ಕಾಲುವೆಯ ನೀರು ತಡೆಯುವ ಬಾಗಿಲ ಬಳಿ ನಿಂತು ಸಾಸೇಜು ಸುತ್ತಿದ ಗಲೆತ್ ಎಂಬ ದೋಸೆ ತಿಂದೆವು.

ಎಫ್ಲಾಮನ ಗೇಟಿಗೆ ಬಂದಾಗ ಅವನು ಅಡ್ಡ ನಿಂತಿದ್ದ, ತೊಳೆದ ಬೂಟು ಹಾಕಿಕೊಂಡು. ಹಿಂದೆ ಅರವತ್ತು ಹಸುಗಳು ಒಂದೊಂದಾಗಿ ದಾಟುತ್ತಿದ್ದವು. ಮಧ್ಯಾಹ್ನ ಎರಡು ಗಂಟೆ ಅವು ದಾಟುವ ಹೊತ್ತಲ್ಲ. ನಮ್ಮನ್ನು ಕಾಯಿಸಲೆಂದೇ ಬಿಟ್ಟಿದ್ದ.

"ಇಪ್ಪತ್ತು ನಿಮಿಷ ಆಯ್ತಲ್ಲೋ!" ಎಂದು ದೊಡ್ಡಮ್ಮ ಕೂಗಿದಳು.

"ಯಾಕೆ, ಹಾಲು ಒಡೆದು ಹೋಗತ್ತಾ?"

ನಲವತ್ತೊಂದು ಜನರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಕೊನೆಯ ಹಸು ದಾಟಿದ ಮೇಲೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಕೆಲವರ ಬೆನ್ನು ತಟ್ಟಿದ. ಜಿನುಗು ಇದ್ದ ಜಾಗಕ್ಕೆ ಜಲ್ಲಿ ಬಿದ್ದಿತ್ತು. ನಾವು ತರಿಸಿದ್ದು ಒಂದು ಲೋಡು, ಅಲ್ಲಿದ್ದದ್ದು ಎರಡು.

ಓಣಿ ಮುಗಿದಲ್ಲಿ ಗುಡ್ಡ ಒಮ್ಮೆಲೇ ಕೊಲ್ಲಿಗೆ ಇಳಿಯುತ್ತದೆ. ಬಿಳಿ ಜಲ್ಲಿಯ ನೇರ ಇಳಿಜಾರು, ಕೆಳಗೆ ನೀರಿಳಿದ ಕೊಲ್ಲಿಯ ಮರಳು ಬಿಸಿಲಿಗೆ ಹೊಳೆಯುತ್ತಿತ್ತು. ಇದು ಮೊದಲ ಸಲ, ಬ್ರೇಕು ಹಿಡಿದು ನಿಧಾನ ಇಳಿಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಹೇಳಿ ಮುಗಿಸುವಷ್ಟರಲ್ಲಿ ದೊಡ್ಡಮ್ಮ ನನ್ನ ಪಕ್ಕದಿಂದ ಹಾದುಹೋದಳು. ಒಂದು ಬೆರಳೂ ಬ್ರೇಕಿನ ಮೇಲಿರಲಿಲ್ಲ.

"ದೊಡ್ಡಮ್ಮಾ, ನಿಧಾನ!"

"ಎದುರಿಗೆ ಯಾರ್ ಬರ್ತಾರೇ?" ಎಂದು ಕೂಗುತ್ತಾ ಅವಳು ಇಳಿದುಹೋದಳು.