ಲೆವೆಲ್ ಪೈಪಿನೊಳಗಿನ ಗುಳ್ಳೆ

ನಾನು ಗಾರೆ ಕೆಲಸದ ಗೌಂಡಿಯ ಲೆವೆಲ್ ಪೈಪು. ಕಾರ್ಖಾನೆಯಲ್ಲಿ ಬಿಸಿ ಪ್ಲಾಸ್ಟಿಕ್ಕು ಎಳೆದು ನನ್ನನ್ನು ಮಾಡಿದರು. ಹಳಿಯಾಳದ ಅಂಗಡಿಯಲ್ಲಿ ನಲವತ್ತು ಅಡಿ ಕತ್ತರಿಸಿ ಗೌಂಡಿ ಇನಾಸನ ಕೈಗೆ ಕೊಟ್ಟರು. ನನ್ನ ವಿದ್ಯೆ ಒಂದೇ. ನೀರು ತುಂಬಿ ಎರಡು ತುದಿ ಎತ್ತಿ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ.

ಇನಾಸ ಸಿದ್ದಿ ಜನಾಂಗದವನು. ಅವನ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದಿದ್ದರಂತೆ. ಅವರು ತಪ್ಪಿಸಿಕೊಂಡು ಬಂದು ಹೊಳೆದಂಡೆಯಲ್ಲಿ ಕಟ್ಟಿದ ಊರು ಅವನದು. ಒಂದು ಮಳೆಗಾಲ ಹೊಳೆ ಊರೊಳಗೇ ಬಂತು.

ನೀರು ಇಳಿದ ಮೇಲೆ ಮೈಥಿಲಿ ಎಂಬ ಇಂಜಿನಿಯರ್ ನಕ್ಷೆ ತಂದಳು: ಎಲ್ಲ ಮನೆಗಳೂ ಗುಡ್ಡದ ಮೇಲೆ, ಎರಡು ಸಾಲು. ಜನ ಒಪ್ಪಲಿಲ್ಲ. ಎರಡು ದಿನ ಕೂತು ಮಾತಾಡಿ ತೀರ್ಮಾನಿಸಿದರು: ಮೊಣಕಾಲಿಗಿಂತ ಮೇಲೆ ನೀರು ನಿಂತಿದ್ದ ಮನೆ ಗುಡ್ಡಕ್ಕೆ, ಉಳಿದವು ನೆಲ ಎತ್ತರಿಸಿಕೊಂಡು ಅಲ್ಲೇ.

ಎಲ್ಲರ ಗೋಡೆಯ ಮೇಲೂ ನೀರು ನಿಂತ ಮಟ್ಟಕ್ಕೆ ಕೆಸರಿನ ಗೆರೆ ಇತ್ತು. ಇನಾಸನ ಮಾವ್ಶಿ, ಅಂದರೆ ತಾಯಿಯ ತಂಗಿ ಕಾತ್ರೀನಬಾಯಿ ಮಾತ್ರ ಗೋಡೆ ತೊಳೆದು ಸುಣ್ಣ ಬಳಿದಿದ್ದಳು. ತೀರಿಹೋದ ಗಂಡ ಕಟ್ಟಿದ ಮನೆ, ಬಿಡಲು ಮನಸ್ಸಿಲ್ಲ.

"ನಮ್ಮನ್ಯಾಗ ಮೊಣಕಾಲೂ ಮುಟ್ಟಿಲ್ಲ," ಎಂದಳು.

"ಹೌದೌದು, ನಿನ್ನ ಮನಿ ಒಂದs ತೇಲತಿತ್ತು," ಎಂದು ನೆರೆಯ ಸಾಂತಾನ ನಕ್ಕ.

ಹಾಗಾಗಿ ನನ್ನನ್ನು ತಂದರು. ಒಂದು ತುದಿ ಸಾಂತಾನನ ಗೋಡೆಯ ಗೆರೆಗೆ, ಇನ್ನೊಂದು ಅವಳ ಗೋಡೆಗೆ. ಅವಳ ಕಡೆ ನೀರು ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೇ ನಿಂತಿತು. ಆದರೆ ನನ್ನ ನಡುವೆ ಉದ್ದನೆಯ ಗಾಳಿಗುಳ್ಳೆಯೊಂದು ಕೂತಿತ್ತು. ಗುಳ್ಳೆ ಇದ್ದರೆ ನಾನು ತೋರಿಸುವುದು ತಪ್ಪು ಮಟ್ಟ. ಇನಾಸ ಅದನ್ನು ಕಂಡ. ಕಾಣದವನಂತೆ ಗುರುತು ಹಾಕಲು ಪೆನ್ಸಿಲ್ ಎತ್ತಿದ.

ಕಾತ್ರೀನಬಾಯಿ ಮೂವತ್ತು ವರ್ಷ ಗೌಂಡಿಗಳಿಗೆ ಕಲ್ಲು ಹೊತ್ತು ಕೊಟ್ಟವಳು. ಬಗ್ಗಿ ನೋಡಿದಳು.

"ಏ ಇನಾಸ, ಗುಳ್ಳಿ ಐತಲ್ಲೊ."

"ಇರ್ಲಿ ಬಿಡು ಮಾವ್ಶಿ."

"ಇರ್ಲಿ ಅಂತಿ? ಮತ್ತ ಹೊಳಿ ಬಂದ್ರ ಮೊಮ್ಮಗಳನ್ನ ಆ ಗುಳ್ಳಿ ಮ್ಯಾಲೆ ಕುಂಡರಸಲೇನು?"

ಅವಳೇ ಬೆರಳಿನಿಂದ ತಟ್ಟಿ ತಟ್ಟಿ ಗುಳ್ಳೆಯನ್ನು ಹೊರಗೋಡಿಸಿದಳು. ಅವಳ ಕಡೆ ನೀರು ಏರಿತು, ಮೊಣಕಾಲು ದಾಟಿ ನಿಂತಿತು. ಸಾಂತಾನ ಈ ಸಲ ನಗಲಿಲ್ಲ.

"ಹೋಗ್ತೀನ್ರಿ ಗುಡ್ಡಕ್ಕ," ಅವಳು ಮೈಥಿಲಿಗೆ ಹೇಳಿದಳು. "ಆದ್ರ ಅಕ್ಕಾರ, ಸಾಲು ಬ್ಯಾಡ. ಒಬ್ಬರ ಬಾಗಲಾ ಒಬ್ಬರಿಗೆ ಕಾಣಬೇಕು. ಮುಂದಿನವರ ಬೆನ್ನು ನೋಡ್ಕೋತ ಇರಾಕ ನಾವೇನು ಬಸ್ಸಿನ್ಯಾಗ ಕುಂತೀವೇನು?"

ಮೈಥಿಲಿ ನಕ್ಷೆ ಮಡಚಿದಳು. ಮರುದಿನ ಗುಡ್ಡದ ಮೇಲೆ ಜನರನ್ನೇ ಅವರವರಿಗೆ ಬಾಗಿಲು ಬೇಕಾದಲ್ಲಿ ನಿಲ್ಲಿಸಿ, ಅವರು ನಿಂತಲ್ಲೇ ಸುಣ್ಣದ ಗೆರೆ ಹಾಕಿದಳು. ಒಂದು ಅಂಗಳ, ಸುತ್ತ ಏಳು ಮನೆ.

ಈಗ ನಾನು ಹಳದಿಗಟ್ಟಿದ್ದೇನೆ. ನೀರು ತುಂಬಿದರೂ ಮಟ್ಟ ಹೊರಗೆ ಕಾಣುವುದಿಲ್ಲ. ಕಾತ್ರೀನಬಾಯಿ ನನ್ನನ್ನು ಎರಡು ಕಂಬಕ್ಕೆ ಬಿಗಿದು ಬಟ್ಟೆ ಒಣಹಾಕುತ್ತಾಳೆ. ಆಗಾಗ ಸೀರೆ ಕೈಯಲ್ಲಿ ಹಿಡಿದುಕೊಂಡೇ ಕೆಳಗೆ ಹಳೆಯ ಮನೆಯಿದ್ದ ಬೋಳು ಜಾಗದತ್ತ ನೋಡುತ್ತ ನಿಲ್ಲುತ್ತಾಳೆ. ಅಂದು ಸರಿಯಾದ ಮಟ್ಟ ತೋರಿಸಿದ್ದು ನಾನೇ. ಮನೆ ಕಳೆದುಕೊಂಡವಳು ಅವಳು.