ತೌಡು ವಾಪಸಾಯಿತೇ

ಮೊಬೈಲಿನ ಗಾಜಿನ ಮೇಲೆ ತೌಡಿನ ಧೂಳು, ಬೆರಳಿನಿಂದ ಒರೆಸಹೋದರೆ ಆ ಬೆರಳೇ ಎಲ್ಲಿ ಗುಂಡಿ ಒತ್ತಿಬಿಡುತ್ತದೋ ಎಂಬ ಅಳುಕು, ಸುಪ್ರಿಯಾ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು, ಧೂಳು ಹೋಯಿತು, ಪ್ರಶ್ನೆ ಹೋಗಲಿಲ್ಲ — ಈ ಇಬ್ಬರೂ ಒಬ್ಬರೇ ಇರಬಹುದು, ವಿಲೀನಗೊಳಿಸುವಿರಾ? ಎಡಗಡೆ ಅಪ್ಪ, ತೌಡಪ್ಪ, ತಂದೆ ಓಂಕಾರಪ್ಪ, ತಾಯಿ ಶಿವಗಂಗಮ್ಮ, ಮೂಡಿಗೆರೆ. ಬಲಗಡೆಯೂ ಅಪ್ಪನೇ ಇರಬೇಕು, ತೌಡ ಎಂದಷ್ಟೇ ಇದೆ, ತಾಯಿ ಹುಚ್ಚಮ್ಮ, ಬಣಕಲ್ ಹತ್ತಿರದ ಎಸ್ಟೇಟಿನಲ್ಲಿ ಆಳಾಗಿದ್ದವಳು, ಹುಟ್ಟಿದ ವರ್ಷ ಎರಡೂ ಕಡೆ ಒಂದೇ, ತಂದೆಯ ಜಾಗ ಮಾತ್ರ ಖಾಲಿ — ಆ ಖಾಲಿ ಜಾಗವೇ ಕಣ್ಣಿಗೆ ಚುಚ್ಚುವುದು, ತಂದೆಯ ಹೆಸರು ಗೊತ್ತಿಲ್ಲವೋ, ಗೊತ್ತಿದ್ದೂ ಬರೆದಿಲ್ಲವೋ, ಗೋಡೆಯ ಮೇಲಿನ ಪಟದಲ್ಲಿ ವಿಭೂತಿ ಧರಿಸಿ ಕುಳಿತ ಓಂಕಾರಪ್ಪಜ್ಜ ಇವತ್ತೇಕೋ ನೇರವಾಗಿ ನೋಡುತ್ತಿಲ್ಲ ಎನಿಸುತ್ತದೆ, ಅಜ್ಜ, ನೀವು ಬಣಕಲ್ಲಿಗೆ ಹಿಂಡಿ ಮಾರಲು ಮಾತ್ರ ಹೋಗುತ್ತಿದ್ದಿರಿ ತಾನೆ? ಅಂತರ್ಜಾಲದಲ್ಲಿ ಈ ವಂಶವೃಕ್ಷ ನೆಟ್ಟವನು ಅಣ್ಣ ರುದ್ರೇಶ್, ಚಿಕ್ಕಮಗಳೂರಿನಲ್ಲಿ ಕುಳಿತು ನೆಂಟರಿಗೆಲ್ಲ ಕಳಿಸಿದ, ನಿಮಗೆ ಗೊತ್ತಿದ್ದದ್ದು ನೀವು ಸೇರಿಸಿ ಎಂದ, ಒಬ್ಬೊಬ್ಬರ ಪುಟವನ್ನು ಒಬ್ಬೊಬ್ಬರಿಗೆ ವಹಿಸಿದ, ಅಪ್ಪನ ಪುಟ ಸುಪ್ರಿಯಾಳಿಗೆ ಬಂತು, ಮರ ಚಿಗುರಿತು, ಚಿಗುರುತ್ತ ಚಿಗುರುತ್ತ ಯಾರೂ ನೆಡದ ಈ ಕೊಂಬೆಯೂ ಹೊರಟಿತು — ಸೇರಿಸಿದವರು ದಯಾನಂದ, ಕಳಸ. ಯಾರೀ ದಯಾನಂದ? ಅಣ್ಣನ ಫೋನು ಬೆಳಗಿನಿಂದ ಬಿಡುವಿಲ್ಲ, ಒತ್ತು ಮಾರಾಯ್ತಿ, ಒತ್ತಿ ಬಿಸಾಕು, ತಾಯಿ ಅಂತ ಒಂದೇ ಹೆಸ್ರು ಕೇಳುತ್ತೆ, ನಮ್ಮಜ್ಜಿನ ಇಟ್ಕೊ, ಆ ಹುಚ್ಚಮ್ಮ ತಾನಾಗೇ ಹೋಗ್ತಾಳೆ. ಅವನು ಏನ್ ಹೇಳ್ತಾನೆ ಕೇಳಣ ಅಣ್ಣ. ಏನ್ ಹೇಳ್ತಾನೆ, ಪಾಲು ಕೇಳ್ತಾನೆ, ಇವತ್ತು ಮರಕ್ಕೆ ಹತ್ತಿದೋನು ನಾಳೆ ಅಂಗಡಿಗೆ ಹತ್ತಲ್ವಾ, ತಲೆ ಇಲ್ವಾ ನಿಂಗೆ? ತಲೆ ಇದೆ, ಇರುವುದರಿಂದಲೇ ಕೇಳುತ್ತದೆ, ಅಣ್ಣನಿಗೇಕೆ ಇಷ್ಟು ಅವಸರ, ಅವನಿಗೆ ಮೊದಲೇ ಏನಾದರೂ ಗೊತ್ತಿತ್ತೇ, ಅಜ್ಜಿ ಸಾಯುವ ಮುಂಚೆ ಅವನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿಸಿದ್ದೇಕೆ — ಮತ್ತೆ ಕಳಸದಿಂದ ಬಂದ ಸಂದೇಶ, ಅಕ್ಕಾ ದಯವಿಟ್ಟು ಒತ್ಬೇಡಿ, ಬುಧವಾರ ಬಂದು ಎಲ್ಲ ಹೇಳ್ತೀನಿ. ಇವತ್ತು ಬುಧವಾರ.

ಕಳಸದ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿತು, ಇಳಿದವರು ಯಾರೂ ಈ ಕಡೆ ಬರಲಿಲ್ಲ, ಬಾಗಿಲ ಪಕ್ಕದ ಮೂಟೆ ಬಾಯ್ತೆರೆದುಕೊಂಡಿದೆ, ಕಾಲು ತಗುಲಿದರೆ ಸಾಕು, ಹಳದಿ ಧೂಳು ಏಳುತ್ತದೆ, ಅಪ್ಪನಿದ್ದಿದ್ದರೆ ಈ ಮೂಟೆ ಹೊಸ್ತಿಲು ದಾಟುತ್ತಿರಲಿಲ್ಲ. ಹಿಂಡಿ, ಬೂಸ, ಜೋಳದ ನುಚ್ಚು, ಹಗ್ಗ, ಮೂಗುದಾರ, ದನ ಸಾಕುವವರಿಗೆ ಬೇಕಾದದ್ದೆಲ್ಲ ಇಟ್ಟ ಅಂಗಡಿ, ತೌಡು ಮಾತ್ರ ಇಲ್ಲ, ತೌಡಪ್ಪನೋರ ಅಂಗಡೀಲಿ ತೌಡೊಂದ್ ಬಿಟ್ಟು ಎಲ್ಲ ಸಿಗುತ್ತೆ ಎಂದು ಪೇಟೆಯೆಲ್ಲ ಆಡಿಕೊಳ್ಳುತ್ತಿತ್ತು, ಅಪ್ಪ ಸಿಟ್ಟಾಗುತ್ತಿರಲಿಲ್ಲ, ನಾನೇ ಇದ್ದೀನಲ್ಲ ಮಾರಾಯ, ತೂಕ ಹಾಕ್ಕೊಂಡು ಹೋಗು ಎನ್ನುವರು, ನಗುವಾಗ ಮೂಗಿನ ಎಡ ಹೊಳ್ಳೆಯ ಮೇಲಿನ ಸಣ್ಣ ತೂತು ಇನ್ನಷ್ಟು ಸಣ್ಣದಾಗುವುದು — ಇದೇನಪ್ಪ, ಗಂಡಸಿಗೆ ಮೂಗುಬೊಟ್ಟಿನ ತೂತು? ಕಾಫಿ ತೋಟದಲ್ಲಿ ಮುಳ್ಳು ಚುಚ್ತು ಕಣೆ. ಮುಳ್ಳು ಅಷ್ಟು ಅಚ್ಚುಕಟ್ಟಾಗಿ ಚುಚ್ಚುತ್ತದೆಯೇ ಎಂದು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಆಸ್ಪತ್ರೆಯಲ್ಲಿ ಮಾತು ತೊದಲುತ್ತಿದ್ದಾಗಲೂ ಅದೊಂದೇ ವಿಚಾರಣೆ, ಅಂಗಡೀಗೆ ತೌಡು ತರ್ಸಿಲ್ಲ ತಾನೆ? ಇಲ್ಲಪ್ಪ, ಎಂದಿದ್ದಳು, ಆ ಹೊತ್ತಿಗೆ ಮೂಟೆ ಬಂದು ಇಲ್ಲೇ ಕೂತಿತ್ತು, ಡೈರಿಗೆ ಹಾಲು ಹಾಕುವ ಹೆಂಗಸರು ಬೇಡಿ ಬೇಡಿ ತರಿಸಿದ್ದರು, ವಯಸ್ಸಾದವರ ಹಟ, ಅವರಿಗೇಕೆ ತಿಳಿಯಬೇಕು ಎಂದುಕೊಂಡು ತಾನೇ ಮೂಟೆಯ ಬಾಯಿ ಬಿಚ್ಚಿದ್ದಳು, ಬಿಚ್ಚಿದ ಬೆಳಿಗ್ಗೆಯೇ ಯಾರೋ ಬಂದು ಹೇಗಿದೆ ನೋಡಣ ಎಂದು ಕೈ ಚಾಚಿದ್ದ, ಮುಖ ನೆನಪಿಲ್ಲ, ಅಂಗೈ ನೆನಪಿದೆ, ನಡುವೆ ಅರ್ಧ ಚಂದ್ರದಂಥ ಸುಟ್ಟ ಕಲೆ, ಅದರ ಮೇಲೆ ಇವಳು ಸುರಿದ ತೌಡು, ಸಂಜೆ ಆಸ್ಪತ್ರೆಯಿಂದ ಫೋನು ಬಂತು, ಅಪ್ಪ ಹೋದರು, ಆ ದಿನ ಉಳಿದದ್ದೆಲ್ಲ ಮಸುಕು. ಅಕ್ಕಾ, ನಮಸ್ಕಾರ, ನಾನೇ ದಯಾನಂದ.

ಮೂವತ್ತೈದರ ಆಳು, ತೋಟಗಳಲ್ಲಿ ಸ್ಪ್ರಿಂಕ್ಲರ್ ರಿಪೇರಿ ಮಾಡುತ್ತಾನಂತೆ, ಕೈಗಳೆರಡೂ ಜರ್ಕಿನ್ನಿನ ಜೇಬಿನಲ್ಲಿ, ಕೂತ್ಕೊಳ್ಳಿ ಎಂದರೆ ಕೂರಲಿಲ್ಲ, ಇರ್ಲಿ ಅಕ್ಕ ಎಂದು ಮೂಟೆಯ ಪಕ್ಕವೇ ನಿಂತ, ಬೇರೆಲ್ಲ ಜಾಗ ಬಿಟ್ಟು ಅಲ್ಲೇ ಏಕೆ, ಕಣ್ಣು ಅಪ್ಪನ ಪಟದ ಮೇಲೆ, ದೊಡ್ಡಪ್ಪ ಥೇಟ್ ಹಂಗೇ ಅವ್ರೆ ಎಂದ, ದೊಡ್ಡಪ್ಪನಂತೆ, ಎಷ್ಟು ಸಲೀಸಾಗಿ ಬಂತು ಬಾಯಿಗೆ, ಸುಪ್ರಿಯಾ ಕೇಳಿಯೇಬಿಟ್ಟಳು, ನಿಮ್ಗೆ ಪಾಲು ಬೇಕಾ? ಅವನು ನಕ್ಕ, ಪಾಲಾ? ಅಕ್ಕಾ, ಕೊಂಡ್ಕೊಂಡಿದ್ದು ನಮ್ಮಜ್ಜಿ ಹುಚ್ಚಮ್ಮ, ಪಾಲು ಕೇಳೋದಿದ್ರೆ ನೀವೇ ನಮ್ಮನೇಗ್ ಬರ್ಬೇಕು. ಕೊಂಡದ್ದೇ, ಏನನ್ನು? ನಿಮ್ಮಪ್ಪನ್ನ. ಶಿವಗಂಗಮ್ಮನೋರಿಗೆ ಹುಟ್ಟಿದ್ದೆಲ್ಲ ತೊಟ್ಲಲ್ಲೇ ಹೋಗ್ತಿತ್ತಂತೆ, ಇವ್ರೂ ಹೋದ್ರೆ ಅಂತ ಹೆದ್ರಿ ಮೊರದಲ್ಲಿ ಮಲಗ್ಸಿ ಇದೇ ಹೊಸ್ತಿಲ ಮೇಲೆ ಇಟ್ರಂತೆ, ಈ ಮಗ ನಮಗ್ ಬ್ಯಾಡ, ಯಾರಾದ್ರೂ ತಗೊಳ್ಳಿ ಅಂತ, ಸಾಮಾನಿಗ್ ಬಂದಿದ್ದ ನಮ್ಮಜ್ಜಿ ಗಂಟಲ್ಲಿದ್ದ ಒಂದ್ ಹಿಡಿ ತೌಡು ಕೊಟ್ಟು ತಗೊಂಡ್ಳು, ಅವಳೇ ಮೂಗು ಚುಚ್ಚಿ ತೌಡ ಅಂತ ಕರೆದ್ಳು — ಮಾರಿದ ಮಗುವನ್ನು ಹುಡುಕಿಕೊಂಡು ಸಾವು ಬರುವುದಿಲ್ಲ, ಇಂಥದ್ದನ್ನು ಸುಪ್ರಿಯಾ ಕೇಳಿದ್ದಳು, ಗುಂಡ, ತಿಪ್ಪ ಎಂಬ ಹೆಸರಿನವರ ಕಥೆ ಎಂದು ಕೇಳಿದ್ದಳು, ತನ್ನ ಅಂಗಡಿಯ ಹೊಸ್ತಿಲಿನ ಕಥೆ ಎಂದಲ್ಲ. ಹಂಗಾದ್ರೆ ಅದು ಬರೀ ಶಾಸ್ತ್ರ, ಹೆತ್ತೋರು ನಮ್ಮಜ್ಜೀನೇ, ಎಂದಳು. ಹೆತ್ತೋರು ಅವ್ರೇ ಅಕ್ಕ, ಯಾರ್ ಇಲ್ಲ ಅಂದ್ರು, ಆದ್ರೆ ವಾಪಸ್ ತಗೊಳ್ವಾಗ ತೌಡು ಕೊಂಡೋರ ಕೈಗೇ ಹಿಂದಕ್ ಕೊಡ್ಬೇಕು, ಕೊಟ್ರೆ ವ್ಯಾಪಾರ ಮುರೀತು, ನಿಮ್ಮಜ್ಜಿ ಮಗೂನ್ನ ಎತ್ಕೊಂಡ್ರು, ತೌಡು ಕೊಡ್ಲಿಲ್ಲ, ವ್ಯಾಪಾರ ಮುರಿದ್ರೆ ಸಾವು ದಾರಿ ಹುಡುಕ್ಕೊಂಡ್ ಬರುತ್ತಲ್ಲ, ಅದಕ್ಕೇ ನಮ್ಮಜ್ಜಿ ಕೊನೇವರ್ಗೂ ಅಂತಿದ್ಳು, ಅವ್ರ ಮನೇಗ್ ಸಾಕೋಕೆ ಬಿಟ್ಟಿದೀನಿ, ಮಗ ನಂದು. ಮರದಲ್ಲಿ ತಂದೆ ಜಾಗ ಖಾಲಿ ಬಿಟ್ಟಿದ್ದು ಅದಕ್ಕೇ, ಕೊಂಡಿದ್ದು ಅವಳೊಬ್ಳೇ. ಅವಳ ಹೆಸರು ತೆಗೀಬೇಡಿ, ಅಷ್ಟೇ ನಾನ್ ಕೇಳೋದು.

ಅಷ್ಟೆಯೇ? ಇಷ್ಟಕ್ಕಾಗಿ ಕಳಸದಿಂದ ಬಸ್ಸು ಹತ್ತುತ್ತಾರೆಯೇ? ಆದರೆ ಅಪ್ಪನ ಮೂಗಿನ ತೂತು, ಅಂಗಡಿಯಲ್ಲಿ ಇರದ ತೌಡು, ಆಸ್ಪತ್ರೆಯ ಆ ಪ್ರಶ್ನೆ, ಒಂದೊಂದೂ ತನ್ನ ಜಾಗಕ್ಕೆ ಹೋಗಿ ಕೂರುತ್ತಿದೆ, ಅಪ್ಪನಿಗೆ ಗೊತ್ತಿತ್ತು, ಈ ಮನೆಯಿಂದ ಒಂದು ಹಿಡಿ ತೌಡೂ ಆಚೆ ಹೋಗಬಾರದೆಂದು ಬದುಕಿಡೀ ಕಾದವರು ಅವರು, ಅಜ್ಜ, ತಪ್ಪಾಯಿತು, ನಿಮ್ಮನ್ನು ಅನುಮಾನಿಸಿದೆ, ಅಣ್ಣನಿಗೆ ಅಜ್ಜಿ ಹೇಳಿದ್ದೂ ಇದೇ ಇರಬೇಕು, ಹೇಳಲು ನಾಚಿದ ಅಣ್ಣ ಅಳಿಸಲು ಹೊರಟ. ಸುಪ್ರಿಯಾಳ ಬೆರಳು ಬೇಡ ಎಂಬ ಗುಂಡಿಯ ಕಡೆಗೆ ಸರಿಯಿತು, ಇರಲಿ ಹುಚ್ಚಮ್ಮ, ಅಪ್ಪನಿಗೆ ಇಬ್ಬರು ತಾಯಂದಿರು ಇರಲಿ, ಅಣ್ಣ ಕೂಗಾಡಿದರೆ ಕೂಗಾಡಲಿ — ದೊಡ್ ಉಪಕಾರ ಆಯ್ತಕ್ಕ, ಎಂದು ಅವನು ಜೇಬಿನಿಂದ ಕೈ ತೆಗೆದು ಮುಗಿಯಹೋದ, ಮುಗಿಯುವ ಮುನ್ನ ಅಂಗೈ ತೆರೆದಿತ್ತು, ನಡುವೆ ಅರ್ಧ ಚಂದ್ರ. ನೀವು ಮುಂಚೆ ಇಲ್ಲಿಗೆ ಬಂದಿದ್ರಾ? ಬಂದಿದ್ನಲ್ಲ ಅಕ್ಕ, ದೊಡ್ಡಪ್ಪನ್ನ ನೋಡಣ ಅಂತ, ಆಸ್ಪತ್ರೇಲವ್ರೆ ಅಂದ್ರಿ, ಹಂಗೇ ಬರಿಗೈಲಿ ಹೋಗೋಕ್ ಮನಸ್ಸಾಗ್ಲಿಲ್ಲ, ಹಸು ತಿನ್ನುತ್ತೋ ನೋಡಣ ಅಂತ ಕೇಳ್ದೆ, ನೀವೇ ಕೊಟ್ರಲ್ಲ, ಕಾಸೂ ಬ್ಯಾಡ ಅಂದ್ರಿ. ಹಸು ತಿಂತಾ? ಅವನು ಹೇಳಿದ್ದು ಹೊರಗಿನ ಬಸ್ಸಿನ ಹಾರ್ನಿನಲ್ಲಿ ಮುಳುಗಿತು, ಇವನಿಗೆ ನಿಯಮ ಗೊತ್ತು, ಈಗಷ್ಟೇ ಇವನೇ ಹೇಳಿದ, ಆವತ್ತೂ ಗೊತ್ತಿತ್ತೇ, ಗೊತ್ತಿದ್ದೇ ಕೈ ಒಡ್ಡಿದನೇ, ಹುಚ್ಚಮ್ಮನ ಮೊಮ್ಮಗನ ಕೈ ಹುಚ್ಚಮ್ಮನ ಕೈಯಾಗುತ್ತದೆಯೇ, ಆಗುವುದಿಲ್ಲ, ಅದೆಲ್ಲ ಹಳೆಯ ಕಾಲದ ಭ್ರಮೆ, ಕಾಯಿಲೆಗೆ ಹೆಸರಿತ್ತು, ಡಾಕ್ಟರು ಹೇಳಿದ್ದರು — ಫೋನು ಕೇಳುತ್ತಲೇ ಇದೆ, ವಿಲೀನಗೊಳಿಸುವಿರಾ, ಬೇಡವೇ, ಬೆರಳು ಎರಡರ ಮೇಲೂ ಇಳಿಯುತ್ತಿಲ್ಲ, ಅದೇ ಬೆರಳು, ಅದೇ ಮುಷ್ಟಿ, ಬೆಳಗಿನ ಬಿಸಿಲು ಹೊಸ್ತಿಲವರೆಗೆ ಬಂದಿತ್ತು, ಇನ್ನೊಂಚೂರು ತಗೊಳ್ಳಿ ಎಂದಿದ್ದಳು, ತಾನೇ ಎಂದಿದ್ದಳು, ಮುಷ್ಟಿ ಸಡಿಲಾಗುತ್ತದೆ, ಸುಟ್ಟ ಕಲೆಯ ಅಂಗೈ ಒಡ್ಡಿದೆ, ತೌಡು ಸುರಿಯುತ್ತದೆ, ಕಲೆ ಮುಚ್ಚುವವರೆಗೆ ಸುರಿಯುತ್ತದೆ, ಹೊಸ್ತಿಲ ಈಚೆ ಇವಳು, ಆಚೆ ಅವನು, ನಡುವೆ ಹಳದಿಯಾಗಿ ಇಳಿಯುತ್ತಿರುವ ತೌಡು.